ಸಣ್ಣೇಗೌಡರ ಹೊಲದ ಮೇಲೆ ಒಂದು ಗೇಣು ಫಿನ್ನು

ಹೋದ ವಾರ ಕೆ.ಆರ್. ನಗರದ ಅಂಗಡಿಯೊಂದಕ್ಕೆ ಫ್ರಿಡ್ಜು ನೋಡಲು ಹೋಗಿದ್ದೆವು. ಅಡುಗೆಮನೆಯ ಮೂಲೆಗೆ ಅದು ಹಿಡಿಸಬೇಕಲ್ಲ, ನಾನು ಹೆಬ್ಬೆರಳು ಕಿರುಬೆರಳು ಅಗಲಿಸಿ ಫ್ರಿಡ್ಜಿನ ಬೆನ್ನ ಮೇಲೆ ಗೇಣು ಹಾಕಲು ಶುರುಮಾಡಿದೆ. ಅಂಗಡಿಯವರು ಟೇಪು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. "ಮೇಡಂ, ಅಳತೆ ಸ್ಟಿಕ್ಕರ್ ಮೇಲೇ ಬರ್ದದೆ" ಎಂದರು. ನನ್ನ ಗಂಡ, ಈ ಹೆಂಗಸು ಯಾರೋ ಏನೋ ಎಂಬಂತೆ ಮೆಲ್ಲಗೆ ವಾಷಿಂಗ್ ಮಷೀನುಗಳ ಕಡೆ ಸರಿದುಹೋದರು. ಇಷ್ಟು ವರ್ಷ ಸಂಸಾರ ಮಾಡಿದ್ದಾರೆ, ಹೀಗೆ ಸರಿದುಹೋಗುವುದರಲ್ಲಿ ಪಳಗಿದ್ದಾರೆ.

ನಗುವವರು ನಗಲಿ. ಈ ಗೇಣಿನ ಚಟ ನನಗೆ ಅಂಟಿದ್ದು ಬಟ್ಟೆ ಅಳೆದಲ್ಲ, ಮಲ್ಲಿಗೆ ಹೂ ಅಳೆದೂ ಅಲ್ಲ. ವಿಂಡ್‌ಸರ್ಫಿಂಗ್ ಹಲಗೆಯಿಂದ. ಹೌದು, ಸರಿಯಾಗಿಯೇ ಓದಿದಿರಿ. ಈಗ ಫೋನಿನಲ್ಲಿ ತೋರಿಸುತ್ತಾರಲ್ಲ, ಸಮುದ್ರದ ಮೇಲೆ ಹಲಗೆ ಹತ್ತಿ ಹಾಯಿ ಹಿಡಿದು ಸೊಂಯ್ಯನೆ ಹೋಗುವುದು, ಅದೇ. ಅದನ್ನು ನಾವು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮಾಡಿದ್ದೇವೆ. ಅದೂ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಮ್ಮೂರಿಗೆ ಬರುವ ಬಸ್ಸು ದಿನ ಬಿಟ್ಟು ದಿನ ಕೆಟ್ಟು ನಿಲ್ಲುತ್ತಿದ್ದ ಕಾಲದಲ್ಲಿ.

ಮೊದಲು ನಮ್ಮೂರಿನ ನೀರಿನ ವಿಚಾರ ಹೇಳಬೇಕು. ನನ್ನ ತವರು ಕಬಿನಿ ಹಿನ್ನೀರಿನ ಅಂಚಿನಲ್ಲಿದೆ. ಅಣೆಕಟ್ಟು ಕಟ್ಟಿದಾಗ ಊರಿನ ಅರ್ಧ ಹೊಲ ಮುಳುಗಿತು. ಮುಳುಗಿದ್ದು ಸರ್ಕಾರದ ಲೆಕ್ಕದಲ್ಲಿ. ನಮ್ಮೂರವರ ಲೆಕ್ಕದಲ್ಲಿ ಆ ಹೊಲ ಎಲ್ಲಿಗೂ ಹೋಗಿಲ್ಲ, ಸದ್ಯಕ್ಕೆ ನೀರಿನ ಕೆಳಗಿದೆ ಅಷ್ಟೆ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿಯುತ್ತಿದ್ದ ಹಾಗೆ ಅದರ ಹಿಂದೆಯೇ ನೇಗಿಲು ಹೊತ್ತು ಹೋಗುತ್ತಾರೆ. ಹಳೆಯ ಬದು ನೆನಪಿಟ್ಟುಕೊಂಡು, ಅವರವರ ಜಾಗಕ್ಕೆ ಅವರವರು ಹುರುಳಿ, ಅಲಸಂದೆ ಎರಚುತ್ತಾರೆ. ಮಳೆಗಾಲಕ್ಕೆ ನೀರು ವಾಪಸು ಬರುವಷ್ಟರಲ್ಲಿ ಕಿತ್ತುಕೊಂಡು ಮೇಲೆ ಬಂದಿರುತ್ತಾರೆ. ಹೀಗಾಗಿ ನಮ್ಮೂರಿನಲ್ಲಿ ಬರೀ ನೀರು ಎಂಬುದೇ ಇಲ್ಲ. ಎಮ್ಮೆ ಈಜುತ್ತಿದ್ದರೆ, "ನಿಂಗಮ್ಮನ ಹೊಲದಾಗವೆ ನೋಡು" ಎನ್ನುತ್ತಾರೆ. ಹೊಸದಾಗಿ ಬಂದ ಮೇಷ್ಟ್ರು ಒಬ್ಬರು ಇದನ್ನು ಕೇಳಿ, ನಿಂಗಮ್ಮನ ಹೊಲ ಹುಡುಕುತ್ತಾ ಗುಡ್ಡ ಹತ್ತಿದ್ದರಂತೆ.

ದಡದಿಂದ ಶುರುವಾದರೆ ಮೊದಲು ಸಣ್ಣೇಗೌಡರ ಹೊಲ. ಅದರಾಚೆಗೆ ನಮ್ಮದು. ನಮ್ಮದರಾಚೆಗೆ ಹಳೇ ಹೊಳೆ, ಅದರಾಚೆಗೆ ಕಾಡು. ಗೌಡರ ಹೊಲಕ್ಕೂ ನಮ್ಮದಕ್ಕೂ ನಡುವೆ ಒಂದು ಮೊಂಡು ಮತ್ತಿಮರ. ಎಲೆಯಿಲ್ಲ, ಕೊಂಬೆಯಿಲ್ಲ, ನೀರಿನ ಮಧ್ಯೆ ಒಣಗಿ ಬೆಳ್ಳಗಾದ ಆಳೆತ್ತರದ ಮೋಟು. ಮೇಲೆ ಸದಾ ಒಂದು ನೀರುಕಾಗೆ. ಆ ಮರವೇ ಗಡಿ.

ಈಗ ಕಥೆಯ ಯಜಮಾನರು: ನನ್ನ ಚಿಕ್ಕಪ್ಪ ಮಾದೇವ. ಹಿನ್ನೀರಿನ ದಡದಲ್ಲಿ ಕೊಡಗಿನ ಪೊನ್ನಪ್ಪ ಎಂಬುವರು ನಾಲ್ಕು ಕೋಣೆಯ ಲಾಡ್ಜು ಕಟ್ಟಿದ್ದರು. ಚಿಕ್ಕಪ್ಪ ಅಲ್ಲಿಗೆ ಹಾಲು, ಸೊಪ್ಪು, ನಾಟಿ ಕೋಳಿ ಹಾಕುತ್ತಿದ್ದ. ಪೊನ್ನಪ್ಪನವರು ಯಾರೋ ವಿದೇಶದವರು ಬಿಟ್ಟುಹೋದ ವಿಂಡ್‌ಸರ್ಫಿಂಗ್ ಹಲಗೆಯನ್ನು ಎಲ್ಲಿಂದಲೋ ಲಾರಿಯಲ್ಲಿ ತರಿಸಿದರು. ಬಂದ ಅತಿಥಿಗಳಿಗೆಲ್ಲ ತೋರಿಸಿದರು. ಒಬ್ಬರಿಗೂ ಓಡಿಸಲು ಬರಲಿಲ್ಲ, ಅವರಿಗೂ ಬರಲಿಲ್ಲ. ಕೊನೆಗೆ ಚಿಕ್ಕಪ್ಪನಿಗೆ ಹೇಳಿದರು: "ನೋಡು ಮಾದೇವ, ಭಾನುವಾರ ಮೈಸೂರಿಂದ ದೊಡ್ಡ ಗುಂಪು ಬರುತ್ತೆ. ಅವರೆದುರಿಗೆ ಇಲ್ಲಿಂದ ಹೊರಟು ಆ ಮೊಂಡು ಮರ ಸುತ್ತಿ ವಾಪಸ್ ಬಾ. ಹಲಗೆಯಿಂದ ಇಳಿಯೋ ಹಾಗಿಲ್ಲ. ಮಾಡಿ ತೋರಿಸಿದ್ರೆ ದೋಣಿ, ಹಲಗೆ ಎಲ್ಲಾ ನಿನ್ನ ಸುಪರ್ದಿಗೆ. ಖಾಯಂ ಕೆಲಸ."

ಆ ಕೆಲಸ ಚಿಕ್ಕಪ್ಪನಿಗೆ ಎಷ್ಟು ಮುಖ್ಯವಾಗಿತ್ತು ಎಂದರೆ, ಸಿಗದಿದ್ದರೆ ಅವನು ಪಿರಿಯಾಪಟ್ಟಣದ ಹಾದಿಯ ಕಂಪಲಾಪುರಕ್ಕೆ ಹೋಗಬೇಕಿತ್ತು. ಅಲ್ಲಿ ಅವನ ಅತ್ತೆಮನೆ. ಅತ್ತೆಮನೆಯಲ್ಲಿ ತಂಬಾಕು ಬೇಯಿಸುವ ಬ್ಯಾರನ್ನು. ಹಿಂದೆ ಒಂದು ಹಂಗಾಮು ಅವನು ಅದರ ಮುಂದೆ ಕೂತು ಸೌದೆ ತುರುಕಿದ್ದ. ಅವನ ಅತ್ತೆ ಬ್ಯಾರನ್ನಿನ ಶಾಖಕ್ಕಿಂತ ಅಳಿಯನ ತಟ್ಟೆಯ ಮೇಲೆ ಹೆಚ್ಚು ಕಣ್ಣಿಟ್ಟಿದ್ದಳಂತೆ. ಮುದ್ದೆ ಬಡಿಸುವಾಗ, "ಇನ್ನೂ ಬೇಕಾ ಅಳಿಯಂದ್ರೆ?" ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ, "ಬ್ಯಾಡ್ವಂತೆ, ಎತ್ತಿಡ್ರೇ" ಎನ್ನುತ್ತಿದ್ದಳಂತೆ. ಚಿಕ್ಕಪ್ಪ ವಾಪಸು ಬಂದಾಗ ಪ್ಯಾಂಟು ಜಾರದಂತೆ ಹಗ್ಗ ಕಟ್ಟಿಕೊಂಡಿದ್ದ.

ಆದರೆ ಚಿಕ್ಕಮ್ಮ ಜಯಮ್ಮನಿಗೆ ಕಂಪಲಾಪುರವೇ ಬೇಕಿತ್ತು. ತವರು, ತಂಗಿಯರು, ಪಕ್ಕದಲ್ಲೇ ಸಂತೆ. ನಮ್ಮೂರಿನಲ್ಲಿ ಅವಳಿಗೆ ಇದ್ದದ್ದು ನೀರುಕಾಗೆ. "ಅಲ್ಗೆ ಮೇಲೆ ನಿಂತ್ಕಂಡು ಕುಣಿಯದು ಒಂದು ಕ್ಯಾಮೆಯಾ? ಭಾನ್ವಾರ ಬಿದ್ದು ನೀರ್ ಕುಡೀಲಿ, ಸ್ವಾಮಾರ ಬಸ್ ಅತ್ತುಸ್ತೀನಿ" ಎಂದು ಟ್ರಂಕಿಗೆ ಸೀರೆ ತುಂಬಿಟ್ಟಿದ್ದಳು.

ಇಷ್ಟಾದ ಮೇಲೆ ಫಿನ್ನಿನ ವಿಚಾರ. ಹಲಗೆಯ ಹಿಂಬದಿಯಲ್ಲಿ, ಅಡಿಭಾಗಕ್ಕೆ, ಮೀನಿನ ರೆಕ್ಕೆಯಂಥದೊಂದು ನೀರಿನೊಳಗೆ ಇಳಿಬಿದ್ದಿರುತ್ತದೆ. ಅದೇ ಫಿನ್ನು. ಅದು ನೀರನ್ನು ಕಚ್ಚಿ ಹಿಡಿದರೆ ಮಾತ್ರ ಹಲಗೆ ನೆಟ್ಟಗೆ ಹೋಗುತ್ತದೆ, ಗಾಳಿಗೆ ಎದುರಾಗಿ ವಾಪಸು ಬರಲೂ ಆಗುತ್ತದೆ. ಚಿಕ್ಕಪ್ಪ ಒಂದೇ ನೋಟಕ್ಕೆ, "ಇದು ನೇಗಿಲ ಗುಳ ಕಣಮ್ಮಿ" ಎಂದುಬಿಟ್ಟ. ನಾನಾಗ ಕೋಟೆಯಲ್ಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಚಿಕ್ಕಪ್ಪನ ಹಿಂದೆ ಸುತ್ತುವುದೇ ನನ್ನ ಉದ್ಯೋಗ.

ಹಲಗೆಯ ಜೊತೆ ಎರಡು ಫಿನ್ನು ಬಂದಿದ್ದವು. ಒಂದು ಎರಡು ಗೇಣಿನದು, ಇನ್ನೊಂದು ಅಂಗೈಯಷ್ಟು. ನಡುವಿನದು ಇರಲಿಲ್ಲ. ಚಿಕ್ಕಪ್ಪ ಯೋಚನೆಯನ್ನೇ ಮಾಡದೆ ದೊಡ್ಡದನ್ನು ಎತ್ತಿಕೊಂಡ. ನಮ್ಮ ಕಡೆ ಯಾವುದೇ ಅಂಗಡಿಗೆ ಹೋದರೂ, ಎರಡರಲ್ಲಿ ಒಂದು ಆರಿಸು ಎಂದರೆ ದೊಡ್ಡದಕ್ಕೇ ಕೈ ಹೋಗುತ್ತದೆ. ಚಪ್ಪಲಿಯಾದರೂ ಅಷ್ಟೆ.

ಮಂಗಳವಾರ ಮೊದಲ ಸವಾರಿ. ಒಂದಷ್ಟು ಸಲ ಬಿದ್ದು ಎದ್ದಮೇಲೆ ಚಿಕ್ಕಪ್ಪನಿಗೆ ಹಾಯಿ ಹಿಡಿಯುವ ಮರ್ಮ ಸಿಕ್ಕಿತು. ಹಲಗೆ ಹೊರಟಿತು. ಏನು ಗತ್ತು ಅಂತೀರಿ! ಎದೆ ಮುಂದೆ, ಮೀಸೆ ಅದರ ಮುಂದೆ. ಅಷ್ಟರಲ್ಲಿ ನೀರಿನಡಿಯಲ್ಲಿ ಗಕ್ಕನೆ ಶಬ್ದ. ಹಲಗೆ ನಿಂತಿತು, ಚಿಕ್ಕಪ್ಪ ನಿಲ್ಲಲಿಲ್ಲ. ಹಾಯಿಯ ಮೇಲಿಂದ ಹಾರಿ ಆಚೆ ಬಿದ್ದ. ಸಣ್ಣೇಗೌಡರ ಹೊಲದ ಮೋಟೊಂದಕ್ಕೆ ಫಿನ್ನು ಸಿಕ್ಕಿಕೊಂಡಿತ್ತು. ಎಳೆದು ಬಿಡಿಸಿದರೆ ಅದರ ಜೊತೆಗೆ ಗೌಡರ ಹಳೇ ಮುಳ್ಳುತಂತಿ ಬೇಲಿಯೂ ಎದ್ದು ಬಂತು.

ದಡದಲ್ಲಿ ಗೌಡರು ಪಂಚೆ ಎತ್ತಿಕಟ್ಟಿ ನಿಂತಿದ್ದರು.

"ಲೇ ಮಾದೇವ! ಯಾರ್ನ ಕೇಳಿ ನನ್ ಒಲ ಉಳ್ತಾ ಇದ್ದೀಯಲಾ?"

"ಉಳ್ತಾ ಇಲ್ಲ ಗೌಡ್ರೆ, ಮೇಲ್ಗಡೆ ಓಯ್ತಾ ಇದ್ದೆ."

"ಮೇಲ್ಗಡೆ ಓಗಕ್ಕೆ ಅದೇನ್ ಬಸ್ ರೋಡಾ? ಬೇಲಿ ಕಿತ್ತಿದ್ದೀಯಲ್ಲ, ನೀರಿಳಿದ್ ಮ್ಯಾಲೆ ಎಲ್ ಮಡಗಿಯೇ ಅದ? ನನಗ್ಗೊತ್ತಿಲ್ವಾ, ಇತ್ಲಾಗೆ ಎಲ್ಡು ಮಾರು ತಳ್ಳಕ್ಕೆ ನೋಡ್ತಿದ್ದೀಯ!"

"ನೀವ್ ತಳ್ಳೋರು ಗೌಡ್ರೆ, ಓದ್ಬ್ಯಾಸ್ಗೇಲಿ ಅಲಸಂದೆ ನಮ್ಮ್ ಒಲಕ್ಕೆ ಬಂದಿತ್ತಲ್ಲ, ಅದೇನ್ ನಡ್ಕಂಡ್ ಬಂತಾ?"

ಎದೆಮಟ್ಟದ ನೀರಿನಲ್ಲಿ ನಿಂತವನೊಬ್ಬ, ದಡದಲ್ಲಿ ನಿಂತವರೊಬ್ಬರು, ನಡುವೆ ಕಣ್ಣಿಗೆ ಕಾಣದ ಒಂದು ಹೊಲ. ಲಾಡ್ಜಿನ ಅತಿಥಿಗಳಿಬ್ಬರು ಇದು ಹಳ್ಳಿಯ ಯಾವುದೋ ಆಚರಣೆ ಎಂದುಕೊಂಡು ಫೋಟೋ ತೆಗೆದರು.

ಮಾರನೆಯ ದಿನ ಸಣ್ಣ ಫಿನ್ನು. ಚಿಕ್ಕಪ್ಪನ ಮೊಣಕಾಲು ಊದಿತ್ತು, ಹಾಗಾಗಿ ನಾನು ಹತ್ತಿದೆ. ಚೂಡಿದಾರದ ಪ್ಯಾಂಟನ್ನು ಮೊಣಕಾಲವರೆಗೆ ಸುತ್ತಿ, ವೇಲನ್ನು ಸೊಂಟಕ್ಕೆ ಬಿಗಿದು. ಸಣ್ಣ ಫಿನ್ನು ಮೋಟಿಗೆ ಸಿಗಲಿಲ್ಲ ನಿಜ. ಆದರೆ ಅದಕ್ಕೆ ನೀರಿನ ಮೇಲೆ ಹಿಡಿತವೇ ಇಲ್ಲ. ನಾನು ಮುಂದೆ ನೋಡುತ್ತಿದ್ದೇನೆ, ಹಲಗೆ ಪಕ್ಕಕ್ಕೆ ಹೋಗುತ್ತಿದೆ. ಏಡಿ ನಡೆಯುವುದು ನೋಡಿದ್ದೀರಲ್ಲ, ಹಾಗೆ. ಗೌಡರ ಹೊಲ ದಾಟಿತು, ನಮ್ಮ ಹೊಲ ದಾಟಿತು, ಹಳೇ ಹೊಳೆಯೂ ದಾಟಿತು. ತಿರುಗಿಸಲು ನೋಡಿದೆ, ಹಾಯಿ ತಿರುಗಿತು, ಹಲಗೆ ತಿರುಗಲಿಲ್ಲ. ಕಡೆಗೆ ಕಾಡಿನ ದಡಕ್ಕೆ ಹೋಗಿ ಮೆತ್ತಗೆ ಕೆಸರಿಗೆ ಮುಖವಿಟ್ಟಿತು. ಕೂಗಳತೆಯಲ್ಲಿ ಆನೆಯೊಂದು ತನ್ನ ಮರಿಗೆ ನೀರು ಕುಡಿಸುತ್ತಿತ್ತು. ಅದು ನನ್ನನ್ನು ನೋಡಿತು. ನಾನು ಹಾಯಿಯ ಹಿಂದೆ ಅಡಗಿಕೊಂಡೆ. ಆ ಹಾಯಿ ಪಾರದರ್ಶಕ ಪ್ಲಾಸ್ಟಿಕ್ಕಿನದು ಎಂಬುದು ಆಮೇಲೆ ಹೊಳೆಯಿತು.

ಅರಣ್ಯ ಇಲಾಖೆಯ ವಾಚರ್ ಕಾಳಯ್ಯ ತೆಪ್ಪದಲ್ಲಿ ಬಂದು ನನ್ನನ್ನು ಕೂರಿಸಿಕೊಂಡ. "ಏನವ್ವೋ, ಬಸ್ಸಿಗೇನಾರ ಕಾಯ್ತಾ ಇದ್ದೀಯಾ?" ಎಂದ. ದಾರಿಯುದ್ದಕ್ಕೂ ಬೈದ. ಇಳಿಸುವಾಗ, "ಇನ್ನೊಂದ್ ಕಿತ ಬಂದ್ರೆ ಆಫೀಸಿಗೆ ಕರ್ಕಂಡೋಗಿ ಕೂರುಸ್ತೀನಿ, ಅಲ್ಲಿ ಕಾಫಿನೂ ಕೊಡಕಿಲ್ಲ" ಎಂದ.

ಅಂದು ಸಂಜೆ ಜಗಲಿಯಲ್ಲಿ ಸಭೆ. ದೊಡ್ಡದು ತೊಡರಿಕೊಳ್ಳುತ್ತದೆ, ಸಣ್ಣದು ಜಾರುತ್ತದೆ. ಹಾಗಾದರೆ ದೊಡ್ಡದನ್ನು ಕೊಯ್ದು ನಡುವಿನದು ಮಾಡಬೇಕು. ಎಷ್ಟಕ್ಕೆ ಕೊಯ್ಯುವುದು? ಕೊಯ್ದಮೇಲೆ ಮತ್ತೆ ಅಂಟಿಸಲಾಗದು, ಇನ್ನೊಂದು ತರಿಸಲು ಭಾನುವಾರದೊಳಗೆ ಆಗದು. ಅದೂ ಅಲ್ಲದೆ ಅದಕ್ಕೆ ಬೇರೆ ಲೆಕ್ಕಗಳಿವೆ. ಸವಾರ ದಪ್ಪಗಿದ್ದರೆ ಫಿನ್ನು ದೊಡ್ಡದಿರಬೇಕು. ಗಾಳಿ ಮೆಲ್ಲಗಿದ್ದರೆ ದೊಡ್ಡದು, ಜೋರಿದ್ದರೆ ಚಿಕ್ಕದು. ಇದನ್ನೆಲ್ಲ ಪೊನ್ನಪ್ಪನವರು ಎಲ್ಲೋ ಓದಿಕೊಂಡು ಹೇಳಿದ್ದರು. ಚಿಕ್ಕಪ್ಪ ದಪ್ಪ, ಗಾಳಿ ಜೋರು. ಒಂದು ಮಾತು ದೊಡ್ಡದು ಎನ್ನುತ್ತದೆ, ಇನ್ನೊಂದು ಚಿಕ್ಕದು ಎನ್ನುತ್ತದೆ.

ನಾವು ಅದನ್ನೆಲ್ಲ ಪಕ್ಕಕ್ಕಿಟ್ಟೆವು. ಅಲ್ಲೇ ನಾವು ಎಡವಿದ್ದು. ಮಿಕ್ಕ ಜಗತ್ತಿನವರು ಗಾಳಿ ನೋಡಿ ಫಿನ್ನು ಆರಿಸುತ್ತಾರೆ. ನಾವು ಹೊಲ ನೋಡಿ ಆರಿಸಿದೆವು. ಸಣ್ಣೇಗೌಡರ ಹೊಲದ ಒಂದೊಂದು ಮೋಟೂ ನಮಗೆ ಗೊತ್ತು, ಬೇಸಿಗೆಯಲ್ಲಿ ಅವುಗಳ ಮೇಲೆಯೇ ಕೂತು ಕಳ್ಳೇಕಾಯಿ ತಿಂದವರು. "ಉತ್ತರದ ಮೋಟು ಮೊಣಕಾಲುದ್ದ, ಅದರ ಪಕ್ಕದ್ದು ತೊಡೆಮಟ್ಟ" ಎಂದು ಲೆಕ್ಕ ಹಾಕಿ, ಈಗ ನಿಂತಿರುವ ನೀರಿನಲ್ಲಿ ಅದನ್ನು ಕಳೆದು, ಚಿಕ್ಕಪ್ಪ ತೀರ್ಪು ಕೊಟ್ಟ: "ಒಂದು ಗೇಣು ಮೇಲೆ ನಾಕ್ ಬೆಳ್ಳು ಮಡಗವಾ. ಮಿಕ್ಕುದ್ ಕೊಯ್ದಾಕುಮಾ."

ಚಿಕ್ಕಪ್ಪ ಗರಗಸ ಹಿಡಿದ, ನಾನು ಫಿನ್ನು ಅದುಮಿ ಹಿಡಿದೆ. ಗೇಣು ಹಾಕುವವರು ಯಾರು? ಅದುವರೆಗೂ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದ ಚಿಕ್ಕಮ್ಮ ಎದ್ದು ಬಂದಳು.

"ನಾನಾಕ್ತೀನಿ ಬುಡಿ."

ಎಷ್ಟು ಒಳ್ಳೆಯ ಹೆಂಗಸು ಎಂದು ಚಿಕ್ಕಪ್ಪನ ಕಣ್ಣು ತುಂಬಿ ಬಂತು. ನನಗೆ ಮಾತ್ರ ಕಂಡಿತು. ಚಿಕ್ಕಮ್ಮ ಬೆರಳು ಅಗಲಿಸಲೇ ಇಲ್ಲ. ಕೋಳಿಮರಿ ಹಿಡಿಯುವ ಹಾಗೆ ಕೈಯನ್ನು ಮಡಿಸಿಕೊಂಡು ಒಂದು ಗೇಣು ಹಾಕಿದಳು. ಅದರ ಮೇಲೆ ನಾಲ್ಕು ಬೆರಳು ಇಡುವಾಗ ಕಿರುಬೆರಳು ಗಾಳಿಯಲ್ಲಿತ್ತು. ನಾನು ಬಾಯಿ ತೆರೆದೆ. ಅವಳು ನನ್ನ ಕಾಲಿನ ಮೇಲೆ ಕಾಲಿಟ್ಟು ಒತ್ತಿದಳು. ಅಷ್ಟರಲ್ಲಿ ಚಿಕ್ಕಪ್ಪ ಗರಗಸ ಆಡಿಸಿಯಾಗಿತ್ತು. ಕೊಯ್ದ ತುಂಡು ಉಳಿದ ಫಿನ್ನಿಗಿಂತ ಉದ್ದವಿತ್ತು. ಅಂದಿನಿಂದ ನಾನು ಯಾರ ಗೇಣನ್ನೂ ನಂಬುವುದಿಲ್ಲ, ನನ್ನದನ್ನು ನಾನೇ ಹಾಕಿಕೊಳ್ಳುತ್ತೇನೆ. ಅಂಗಡಿಯವರ ಟೇಪೂ ನನಗೆ ಚಿಕ್ಕಮ್ಮನ ಕೈಯ ಹಾಗೆಯೇ ಕಾಣುತ್ತದೆ.

ಆಮೇಲೆ ವಯನಾಡಿನಲ್ಲಿ ಮಳೆ ಹಿಡಿಯಿತು. ಅಲ್ಲಿ ಸುರಿದದ್ದು ಇಲ್ಲಿ ಏರಿತು. ಪ್ರತಿ ವರ್ಷ ಆಷಾಢದಲ್ಲಿ ಮೆಲ್ಲಗೆ ಏರುವ ನೀರು ಆ ಸಲ ಎರಡು ಮೂರು ದಿನದಲ್ಲೇ ನುಗ್ಗಿ ಬಂತು. ಶನಿವಾರ ಸಂಜೆಗೆ ಗೌಡರ ಹೊಲದ ಮೋಟುಗಳೆಲ್ಲ ಪಾತಾಳಕ್ಕೆ ಹೋಗಿದ್ದವು. ಕೊಯ್ಯದೆ ಇದ್ದ ದೊಡ್ಡ ಫಿನ್ನೇ ಆರಾಮಾಗಿ ದಾಟುತ್ತಿತ್ತು. ಚಿಕ್ಕಪ್ಪ ಕೊಯ್ದ ತುಂಡನ್ನು ಕೈಯಲ್ಲಿ ಹಿಡಿದು ದಡದಲ್ಲಿ ಕೂತಿದ್ದ, ಮೂಳೆ ಮುರಿದ ಮಗುವನ್ನು ಹಿಡಿದ ಹಾಗೆ.

ಭಾನುವಾರ ಬೆಳಗ್ಗೆ ನೋಡಿದರೆ ಇನ್ನೊಂದು ಸಂಗತಿ. ಮೊಂಡು ಮರವೇ ಇಲ್ಲ! ನೀರುಕಾಗೆ ಕೂರಲು ಜಾಗವಿಲ್ಲದೆ ಲಾಡ್ಜಿನ ಛಾವಣಿಯ ಮೇಲೆ ಕೂತಿತ್ತು.

ಮೈಸೂರಿನ ಗುಂಪು ಕುರ್ಚಿ ಹಾಕಿಕೊಂಡು ಕೂತಿತು. ಊರಿಗೆ ಊರೇ ಬಂದಿತ್ತು. ಪೊನ್ನಪ್ಪನವರು ಹಣೆ ಉಜ್ಜಿಕೊಂಡರು. "ಮರ ಎಲ್ಲಿತ್ತು ಅಂತ ಯಾರು ಹೇಳ್ತೀರಿ?"

ಸಣ್ಣೇಗೌಡರು ಮುಂದೆ ಬಂದರು. ಅವರಿಗೆ ಅಂಥ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಲ್ಲ. "ನಾನ್ ಏಳ್ತೀನಿ ಸಾಮಿ. ನಮ್ಮಪ್ಪ ನೆಟ್ ಮರ. ಅಗೋ, ಆ ನೊರೆ ಕಾಣ್ತದಲ್ಲ, ಅಲ್ಲಿ." ಅವರು ತೋರಿಸಿದ ಜಾಗ ನಮ್ಮ ಹೊಲದ ನಟ್ಟನಡುವೆ ಇತ್ತು.

"ಅಲ್ಲಲ್ಲ ಸಾ, ಈಚ್ಗೆ!" ಎಂದ ಚಿಕ್ಕಪ್ಪ.

"ಈಚ್ಗೆ ಸುತ್ತುದ್ರೆ ಸುತ್ತಿದ್ದು ಅಂತ ನಾನ್ ಒಪ್ಪಕಿಲ್ಲ" ಎಂದರು ಗೌಡರು.

ನೋಡಿ ಹೇಗಿದೆ. ಗೌಡರು ತೋರಿಸಿದಲ್ಲಿಗೆ ಹೋಗಿ ತಿರುಗಿದರೆ ಕೆಲಸ ಸಿಗುತ್ತದೆ, ಆದರೆ ಊರಿನೆದುರು ಗಡಿ ಅಲ್ಲಿದೆ ಎಂದು ಒಪ್ಪಿದಂತೆ. ಮುಂದಿನ ಬೇಸಿಗೆಯಲ್ಲಿ ಅರ್ಧ ಹೊಲ ಗೌಡರದು. ಈಚೆ ತಿರುಗಿದರೆ ಹೊಲ ಉಳಿಯುತ್ತದೆ, ಕಂಪಲಾಪುರದ ಬಸ್ಸು ಕಾಯುತ್ತಿರುತ್ತದೆ. ಚಿಕ್ಕಪ್ಪ ಹಲಗೆ ಹತ್ತಿ ನಿಂತಾಗ ಅವನ ಮುಖ ನೋಡಬೇಕಿತ್ತು. ಚಿಕ್ಕಮ್ಮ ದಡದಲ್ಲಿ ಟ್ರಂಕಿನ ಮೇಲೇ ಕೂತಿದ್ದಳು.

ಗಾಳಿ ಹೊಡೆಯಿತು. ಹಲಗೆ ಎದ್ದಿತು. ನನ್ನಾಣೆ, ಆ ಗಾಳಿಗೆ ಆ ಮೊಂಡು ಫಿನ್ನು ಓಡಿದ ಓಟವನ್ನು ನಾನು ಮತ್ತೆ ನೋಡಿಲ್ಲ. ದಡದ ಜನ ಅವನೆಲ್ಲಿದ್ದಾನೆ ಎಂದು ಕೂಗಿ ಹೇಳತೊಡಗಿದರು. "ಗೌಡ್ರ ಬಾವಿತಾವ ಅವ್ನೆ!" "ಬದ ಆರ್ದ!" "ಮಾದೇವ ಅವ್ನ ಒಲಕ್ಕೆ ಬಂದ ಕಣ್ಲಾ!" ಚಿಕ್ಕಪ್ಪ ಈಚೆ ತಿರುಗಲು ಹಾಯಿ ಒರಗಿಸಿದ. ಕೊಯ್ದ ಫಿನ್ನು ನೀರು ಬಿಟ್ಟಿತು. ಹಲಗೆ ಪಕ್ಕಕ್ಕೆ ಜಾರಿತು. ಅವನು ಹೇಳಿದ ಮರ ದಾಟಿತು. ಗೌಡರು ಹೇಳಿದ ಮರವೂ ದಾಟಿತು. ಹಳೇ ಹೊಳೆಯ ಮೇಲೆ ಒಂದು ದೊಡ್ಡ ಸುತ್ತು ಹೊಡೆದು ಕಾಡಿನ ದಡದ ಬಳಿ ನಿಂತಿತು. ಆದರೆ ಚಿಕ್ಕಪ್ಪ ಬೀಳಲಿಲ್ಲ. ಮೊಣಕಾಲು ಬಗ್ಗಿಸಿ, ಹಾಯಿಯ ಕಂಬ ತಬ್ಬಿಕೊಂಡು ಹಾಗೆಯೇ ನಿಂತಿದ್ದ.

ಕಾಳಯ್ಯ ತೆಪ್ಪ ತಂದ. "ಅತ್ತು" ಎಂದನಂತೆ. "ಅತ್ತಕಿಲ್ಲ. ಇಳೀಬಾರ್ದು ಅಂತ ಮಾತಾಗದೆ. ಅಗ್ಗ ಕಟ್ಟಿ ಎಳಿ" ಎಂದನಂತೆ ಚಿಕ್ಕಪ್ಪ. ಕಾಳಯ್ಯ ಬೈದುಕೊಂಡೇ ಹಲಗೆಗೆ ಹಗ್ಗ ಬಿಗಿದ. ಹಾಗೆ ಬಂದರು ಇಬ್ಬರೂ: ಮುಂದೆ ತೆಪ್ಪ, ಹಿಂದೆ ಹಲಗೆ, ಹಲಗೆಯ ಮೇಲೆ ಮೆರವಣಿಗೆಯ ದೇವರ ಹಾಗೆ ಅಲ್ಲಾಡದೆ ನಿಂತ ನನ್ನ ಚಿಕ್ಕಪ್ಪ. ಮೈಸೂರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ಆಟದ ಭಾಗ ಎಂದುಕೊಂಡಿರಬೇಕು.

ಪೊನ್ನಪ್ಪನವರು ನಗು ತಡೆಯಲಾರದೆ ಕೇಳಿದರು: "ಇಳಿದಿಲ್ಲ, ಸರಿ. ಗೌಡ್ರೇ, ಮರ ಸುತ್ತಿದನೋ ಇಲ್ಲವೋ?"

ಗೌಡರಿಗೆ ಪೇಚಾಟ. ಮಾದೇವ ತಾನು ತೋರಿಸಿದ ಜಾಗಕ್ಕಿಂತ ಆಚೆ ಸುತ್ತಿದ್ದಾನೆ. ಸೋತ ಎನ್ನಬೇಕಾದರೆ ಮರ ಇನ್ನೂ ಆಚೆ ಇತ್ತು ಎನ್ನಬೇಕು. ಇನ್ನೂ ಆಚೆ ಎಂದರೆ ಹೊಲ ಇನ್ನೂ ದೊಡ್ಡದು! ಕಣ್ಣು ಹೊಳೆಯಿತು.

"ಎಲ್ ಸುತ್ತುದ ಸಾಮಿ? ಮರ ಇನ್ನೂ ಅತ್ಲಾಗಿತ್ತು. ನಾನೇ ಕಮ್ಮಿ ಏಳ್ಬುಟ್ಟಿದ್ದೆ. ಆ ದಡ್ದತಾವ!"

ಹಗ್ಗ ಸುತ್ತುತ್ತಿದ್ದ ಕಾಳಯ್ಯ ತಲೆ ಎತ್ತಿದ. "ಆ ದಡ್ದತಾವ್ನಾ? ಅಂಗಾರೆ ನಿಮ್ ಒಲ ಕಾಡ್ನೊಳಕ್ಕೆ ಬಂದದೆ ಅನ್ನಿ. ನೀವು ಒಸಿ ಆಫೀಸ್ತಕೆ ಬರ್ಬೇಕಾಯ್ತದೆ ಗೌಡ್ರೆ. ಬನ್ನಿ, ತೆಪ್ಪ ಅತ್ತಿ."

ಗೌಡರು ಎರಡು ಹೆಜ್ಜೆ ಹಿಂದೆ ಸರಿದರು. "ಇಲ್ಲ ಇಲ್ಲ, ವಯಸ್ಸಾಯ್ತಲ್ಲ, ಕಣ್ಣು ಮಂಜು. ಮರ ಈಚ್ಗೇ ಇತ್ತು."

"ಎಷ್ಟ್ ಈಚ್ಗೆ?" ಎಂದ ಹಲಗೆಯ ಮೇಲಿಂದ ಚಿಕ್ಕಪ್ಪ.

"ನೀನೇಳಿದ್ ತಾವ್ಲೇ ಕಣೋ! ಸುತ್ತಾಕ್ಕಂಡೇ ಬಂದ ಸಾಮಿ, ಕೊಡಿ ಅವ್ನಿಗೆ ಕ್ಯಾಮೆ, ಎಲ್ಲಾನಾ ಸಾಯ್ಲಿ!"

ಪೊನ್ನಪ್ಪನವರು ಚಿಕ್ಕಪ್ಪನ ಕೈ ಕುಲುಕಲು ನೀರಿಗೆ ಇಳಿದೇಬಿಟ್ಟರು. ಊರವರು ಸಿಳ್ಳೆ ಹಾಕಿದರು. ಗದ್ದಲ ಮುಗಿದು ಮೈಸೂರಿನವರು ಊಟಕ್ಕೆ ಎದ್ದರೂ ಚಿಕ್ಕಪ್ಪ ಮಾತ್ರ ಹಲಗೆಯ ಮೇಲೆ ಹಾಗೆಯೇ ನಿಂತಿದ್ದ. ಕಂಬ ಬಿಟ್ಟಿರಲಿಲ್ಲ.

"ಕ್ಯಾಮೆ ಸಿಕ್ತಲ್ಲ, ಇನ್ನೇನ್ ಇಳೀರಿ" ಎಂದಳು ಚಿಕ್ಕಮ್ಮ ಟ್ರಂಕಿನ ಮೇಲಿಂದ.

"ಇಳಿಯಕ್ಕಾಯ್ತಿಲ್ಲ ಕಣೆ ಜಯ. ಕಾಲ್ ಎಲ್ಡೂ ಮರಗಟ್ಟೋಗವೆ. ಒಸಿ ಬಾರೆ."

ಚಿಕ್ಕಮ್ಮ ಒಮ್ಮೆ ಬಸ್ಸಿನ ದಾರಿಯ ಕಡೆ ನೋಡಿದಳು. ಆಮೇಲೆ ಎದ್ದು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ ನೀರಿಗಿಳಿದಳು. ಕಂಬಕ್ಕೆ ಕಚ್ಚಿಕೊಂಡಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಷ್ಟು ದಪ್ಪ ಗಂಡನನ್ನು ರಾಗಿ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ದಡ ಹತ್ತಿದಳು. ಹತ್ತುವಾಗ ನನ್ನನ್ನು ನೋಡಿ ಗದರಿದಳು:

"ಹಲ್ ಬುಟ್ಕಂಡ್ ಏನ್ ನೋಡ್ತಾ ನಿಂತಿದ್ದೀಯೇ? ಆ ಟ್ರಂಕ್ ಎತ್ಕಂಡು ಮನೆಗ್ ನಡಿ. ಸೀರೆಗೆಲ್ಲ ಮುಗ್ಗಲ್ ವಾಸ್ನೆ ಬಂದದೆ, ಒಗೆದಾಕ್ಬೇಕು."